ಹದಿನಾಲ್ಕನೇ ಬಾಬ್ತು

ನನಗೆ ಚೌಕಾಸಿ ಮಾಡಲು ಬರುವುದಿಲ್ಲ. ಬರುವುದಿಲ್ಲ ಎನ್ನುವುದಕ್ಕಿಂತ, ಚೌಕಾಸಿ ಮಾಡುವುದು ನನ್ನಂಥವನಿಗೆ ತಕ್ಕದ್ದಲ್ಲ ಎಂಬ ಜಂಬ ಹುಡುಗನಾಗಿದ್ದಾಗಿನಿಂದಲೂ ಇತ್ತು ಎನ್ನುವುದೇ ಸರಿ. ತರಕಾರಿಯವಳು ಹೇಳಿದಷ್ಟು ಕೊಟ್ಟು ಬರುತ್ತಿದ್ದೆ. ಮನೆಗೆ ಬಂದು ಬೈಸಿಕೊಳ್ಳುತ್ತಿದ್ದೆ. ಬೈಸಿಕೊಳ್ಳುವಾಗಲೂ ಒಳಗೊಳಗೇ ಒಂದು ಖುಷಿ. ನಾಲ್ಕು ಕಾಸಿಗೆ ಬಾಯಿ ಮಾಡುವ ಪೈಕಿ ನಾನಲ್ಲ ಎಂದು. ಈ ಜಂಬದಿಂದ ನನಗೇನೂ ದೊಡ್ಡ ನಷ್ಟವಾಗಲಿಲ್ಲ. ನಷ್ಟವಾದದ್ದು ಬೇರೆಯವರಿಗೆ. ಅದನ್ನು ಹೇಳಿಕೊಳ್ಳಲು ನನಗೆ ಇಷ್ಟವೇನೂ ಇಲ್ಲ. ಆದರೆ ವಯಸ್ಸಾದ ಮೇಲೆ ಇಂಥ ಸಂಗತಿಗಳು ಗಂಟಲಲ್ಲಿ ಕೂತುಬಿಡುತ್ತವೆ, ನುಂಗಿದರೂ ಇಳಿಯುವುದಿಲ್ಲ.

ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಮಾತು. ಮನೆ ಕಟ್ಟಿಸುವವರಿಗೆ ಸಾಲ ಕೊಡುವ ಒಂದು ಚಿಕ್ಕ ಸಹಕಾರ ಸಂಘದಲ್ಲಿ ನಾನು ಗುಮಾಸ್ತನಾಗಿದ್ದೆ. ಲೆಕ್ಕ ಬರೆಯುವುದು, ಸಭೆಯ ನಡಾವಳಿ ಬರೆಯುವುದು, ಮಳೆ ಬಂದಾಗ ಸೋರುವ ಕಡೆ ಬಕೆಟ್ಟು ಇಡಿಸುವುದು, ಎಲ್ಲವೂ ನನ್ನ ಪಾಲಿನದೇ. ಕಚೇರಿ ಬಸವನಗುಡಿಯ ಒಂದು ಹಳೇ ಹೆಂಚಿನ ಮನೆಯಲ್ಲಿತ್ತು. ಹಜಾರದಲ್ಲಿ ನಾವು ಗಂಡಸರು ಕೂರುತ್ತಿದ್ದೆವು. ಹಿಂದೆ ದೇವರ ಮನೆಯಾಗಿದ್ದ ಚಿಕ್ಕ ಕೋಣೆಯಲ್ಲಿ ಟೈಪ್‌ರೈಟರ್ ಇತ್ತು, ಅದರ ಮುಂದೆ ನಮ್ಮ ಟೈಪಿಸ್ಟ್ ಕೂರುತ್ತಿದ್ದರು. ದೀಪದ ಗೂಡಿನ ಎಣ್ಣೆ ಜಿಡ್ಡು ಇನ್ನೂ ಹೋಗಿರಲಿಲ್ಲ, ಅದರಲ್ಲೇ ಅವರು ಕಾರ್ಬನ್ ಕಾಗದದ ಡಬ್ಬಿ ಇಟ್ಟುಕೊಂಡಿದ್ದರು.

ಮೂವತ್ತು ದಾಟದ ಹೆಣ್ಣುಮಗಳು. ಗಂಡ ಹೋಗಿ ಮೂರು ವರ್ಷವಾಗಿತ್ತು. ಮಾವನವರ ಜೊತೆ, ಎಂಟು ವರ್ಷದ ಮಗಳನ್ನು ಕಟ್ಟಿಕೊಂಡು ಒಂದು ವಠಾರದಲ್ಲಿದ್ದರು. ವಿಧವೆ ಸೊಸೆಯನ್ನು ಕೆಲಸಕ್ಕೆ ಕಳಿಸಿದ್ದಕ್ಕೆ ಆ ಮುದುಕರು ನೆಂಟರ ಬಾಯಿಂದ ಏನೇನು ಕೇಳಬೇಕಾಯಿತೋ ದೇವರಿಗೇ ಗೊತ್ತು. ಎಲ್ಲವನ್ನೂ ಕೇಳಿಯೂ ಕಳಿಸಿದ್ದರು. ಒಂದೇ ಷರತ್ತು: ಸೊಸೆಗೆ ಬಾಗಿಲಿರುವ ಬೇರೆ ಕೋಣೆ ಇರಬೇಕು, ಹತ್ತು ಜನ ಬಂದು ಹೋಗುವ ಕೌಂಟರಿನ ಎದುರು ಅವಳನ್ನು ಕೂರಿಸಕೂಡದು. ನೆಂಟರಿಗೆ ಅವರು ಕೊಟ್ಟ ಉತ್ತರವೂ ಅದೇ ಆಗಿತ್ತು. ಕೋಣೆಯಿದೆ, ಬಾಗಿಲಿದೆ, ನಿಮಗೇನು ಕಷ್ಟ ಎಂದು.

ಟೈಪಿಸ್ಟರಿಗೆ ತಿಂಗಳಿಗೆ ಎಪ್ಪತ್ತೈದು ರೂಪಾಯಿ ಸಂಬಳ. ಕೊಟ್ಟಾಗ ಎಣಿಸುತ್ತಲೂ ಇರಲಿಲ್ಲ, ಸೆರಗಿನ ತುದಿಗೆ ಕಟ್ಟಿಕೊಂಡು ಹೊರಡುತ್ತಿದ್ದರು. ಒಮ್ಮೆ ಸಂಬಳದ ದಿನ, ನಾನು ಕೇಳದೆಯೇ ಹೇಳಿದರು: "ಇದೊಂದು ಇಲ್ದಿದ್ರೆ ಮೈದುನನ ಮನೆಗೆ ಹೋಗ್ಬೇಕಾಗಿತ್ತು ಸಾರ್. ಅಲ್ಲಿ ಹನ್ನೊಂದು ಜನ. ಒಲೆ ಮುಂದೆ ಕೂತ್ರೆ ಏಳೋ ಹಾಗಿಲ್ಲ. ಮಗಳ ಓದೂ ಅಲ್ಲಿಗೇ ಮುಗೀತು." ಅಷ್ಟು ಹೇಳಿ, ಜಾಸ್ತಿ ಮಾತಾಡಿಬಿಟ್ಟೆನೇನೋ ಎನ್ನುವ ಹಾಗೆ ಬೇಗ ಬೇಗ ಹೊರಟುಹೋದರು. ಹೀಗಾಗಿ ಆ ಕೆಲಸ ಅವರಿಗೆ ಏನಾಗಿತ್ತು ಎಂಬುದು ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ. ಚೆನ್ನಾಗಿಯೇ ಗೊತ್ತಿತ್ತು.

ಹೆಂಚಿನ ಮನೆಯ ಮಾಲೀಕರು ಮನೆ ಬಿಡಿ ಎಂದರು. ಜಯನಗರದಲ್ಲಿ ಹೊಸದಾಗಿ ಕಟ್ಟಿದ ಒಂದು ಕಟ್ಟಡದ ಕೆಳಗಿನ ಹಾಲು ಬಾಡಿಗೆಗೆ ಸಿಕ್ಕಿತು. ಆಗಿನ ಜಯನಗರ ಎಂದರೆ ಅಳೆದು ಬಿಟ್ಟ ರಸ್ತೆಗಳು, ನಂಬರು ಬರೆದ ಕಲ್ಲುಗಳು, ನಡುವೆ ಲಂಟಾನ ಪೊದೆ. ಬಸ್ಸು ಇಳಿದು ಕೆಂಪು ಧೂಳಿನಲ್ಲಿ ಕಾಲು ಗಂಟೆ ನಡೆಯಬೇಕು. ಹಾಲು ಮೂವತ್ತು ಅಡಿ ಉದ್ದ, ಇಪ್ಪತ್ತೆರಡು ಅಡಿ ಅಗಲ, ಒಳಗೆ ಒಂದು ಗೋಡೆಯೂ ಇಲ್ಲ. ಕೆಮ್ಮಿದರೆ ನಾಲ್ಕು ಮೂಲೆಯಿಂದಲೂ ಕೆಮ್ಮು ವಾಪಸ್ಸು ಬರುತ್ತಿತ್ತು. ಈ ಬಟ್ಟಬಯಲನ್ನು ಕಚೇರಿ ಮಾಡಲು ಏನೇನು ಬೇಕು, ಎಷ್ಟಾಗುತ್ತದೆ ಎಂದು ಅಂದಾಜು ಪಟ್ಟಿ ತಯಾರಿಸುವ ಕೆಲಸ ನನ್ನ ತಲೆಗೆ ಬಿತ್ತು.

ನಮ್ಮ ಸಂಘದಲ್ಲಿ ಅಂದಾಜು ಪಟ್ಟಿ ಎಂದರೆ ಒಂದು ಆಟ. ಅಧ್ಯಕ್ಷರು ನಿವೃತ್ತ ಅಧಿಕಾರಿ. ಕ್ಲೋಸ್ ಕೋಟು, ಜರಿ ಪೇಟ, ಕಿಸೆಯಲ್ಲಿ ಕೆಂಪು ಪೆನ್ಸಿಲು. ಯಾವ ಪಟ್ಟಿ ಮುಂದಿಟ್ಟರೂ ಕೊನೆಯ ಮೊತ್ತವನ್ನಷ್ಟೇ ನೋಡಿ ರೂಪಾಯಿಗೆ ನಾಲ್ಕಾಣೆ ಹೊಡೆದುಹಾಕುವರು. ನಯಾಪೈಸೆ ಬಂದು ವರ್ಷಗಳಾಗಿದ್ದರೂ ಅವರ ಕತ್ತರಿ ಮಾತ್ರ ಆಣೆಯ ಲೆಕ್ಕದಲ್ಲೇ ಓಡುತ್ತಿತ್ತು. ಇದು ಎಲ್ಲರಿಗೂ ಗೊತ್ತಿದ್ದದ್ದೇ. ಅದಕ್ಕೇ ಬರೆಯುವವರು ಮೊದಲೇ ಅಷ್ಟು ಗಾಳಿ ತುಂಬಿ ಬರೆಯುತ್ತಿದ್ದರು. ನನಗಿಂತ ಮುಂಚೆ ಇದ್ದ ಗುಮಾಸ್ತರು ಕೆಲಸ ಒಪ್ಪಿಸಿ ಹೋಗುವಾಗ ಬೀಗದ ಕೈಗೊಂಚಲಿನ ಜೊತೆ ಈ ಗುಟ್ಟನ್ನೂ ಕೊಟ್ಟಿದ್ದರು: ನೂರು ಬೇಕಾದರೆ ನೂರ ಮೂವತ್ತೈದು ಬರಿ, ಅವರ ಪೆನ್ಸಿಲಿಗೂ ಮರ್ಯಾದೆ, ನಿನ್ನ ಕೆಲಸವೂ ಆಯಿತು.

ನನಗೆ ಈ ಆಟ ಕಂಡರೆ ಮೈ ಉರಿಯುತ್ತಿತ್ತು. ಒಬ್ಬ ಸುಳ್ಳು ಬರೆಯುವುದು, ಇನ್ನೊಬ್ಬ ಅದು ಸುಳ್ಳೆಂದು ತಿಳಿದೇ ಹೊಡೆಯುವುದು, ಕೊನೆಗೆ ಇಬ್ಬರೂ ಸಂಘದ ದುಡ್ಡು ಉಳಿಸಿದೆವೆಂದು ಎಲೆ ಅಡಿಕೆ ಹಾಕಿಕೊಳ್ಳುವುದು. ನಾನು ಬರೆದರೆ ನಿಜ ಬರೆಯುತ್ತೇನೆ, ಒಂದು ಸಲ ನೋಡಲಿ ಎಂದು ಹಟ ತೊಟ್ಟೆ. ಆಗ ನನಗೆ ಇಪ್ಪತ್ತಾರು. ಆ ವಯಸ್ಸಿನಲ್ಲಿ ಪ್ರಾಮಾಣಿಕತೆ ಎಂದರೆ ಹೊಸ ಅಂಗಿ ಇದ್ದ ಹಾಗೆ, ನಾಲ್ಕು ಜನರಿಗೆ ತೋರಿಸದೆ ಇರಲು ಆಗುವುದಿಲ್ಲ.

ಹನ್ನೆರಡು ದಿನ ತಿರುಗಿದೆ. ಟೇಪು ಹಿಡಿದು ಹಾಲನ್ನು ಮೂರು ಸಲ ಅಳೆದೆ. ಕೌಂಟರು ಎಲ್ಲಿ, ಕ್ಯಾಷಿಯರಿಗೆ ತಂತಿ ಬಲೆಯ ಪಂಜರ ಎಲ್ಲಿ, ಅಧ್ಯಕ್ಷರ ಮೇಜು ಯಾವ ದಿಕ್ಕಿಗೆ ಮುಖ ಮಾಡಬೇಕು, ಸದಸ್ಯರು ಕೂರುವ ಬೆಂಚು ಎಷ್ಟುದ್ದ ಎಂದೆಲ್ಲ ಕಾಗದದ ಮೇಲೆ ಗೀರಿದೆ. ಹಿಂದಿನ ಮೂಲೆಯಲ್ಲಿ, ಕಿಟಕಿ ಇರುವ ಕಡೆ, ಎಂಟಡಿಗೆ ಏಳಡಿ ಗೆರೆ ಎಳೆದು 'ಟೈಪಿಂಗ್ ರೂಮು' ಎಂದು ಬರೆದೆ. ಹೊನ್ನೆ ಮರದ ಚೌಕಟ್ಟು, ಕೆಳಗೆ ಹಲಗೆ, ಮೇಲೆ ಮಬ್ಬು ಗಾಜು, ಚಿಲಕವಿರುವ ಬಾಗಿಲು.

ಮರಗೆಲಸಕ್ಕೆ ಯಡಿಯೂರಿನ ಕೆರೆಯ ಪಕ್ಕ ಶೆಡ್ಡು ಹಾಕಿಕೊಂಡಿದ್ದ ಒಬ್ಬ ಆಚಾರಿಯನ್ನು ಕಂಡೆ. ಐವತ್ತರ ಮನುಷ್ಯ, ಕಿವಿಯ ಮೇಲೆ ಪೆನ್ಸಿಲು, ಮೈಯೆಲ್ಲ ಮರದ ಹೊಟ್ಟು. ಒಳ್ಳೆ ಕೆಲಸಗಾರ ಎಂದು ಹೆಸರಿತ್ತು. ಒಂದೊಂದೇ ಸಾಮಾನಿನ ಅಳತೆ ಹೇಳಿದೆ, ಅವನು ಮರ ನೋಡಿ, ಮೇಲೆ ನೋಡಿ, ಬೆಲೆ ಹೇಳಿದ. ನಾನು ಬರೆದುಕೊಂಡೆ. ಪ್ರತಿ ಬೆಲೆ ಹೇಳಿದ ಮೇಲೂ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನ ಮುಖ ನೋಡುತ್ತಿದ್ದ. ಬರೆದುಕೊಳ್ಳಲು ಸಮಯ ಕೊಡುತ್ತಿದ್ದಾನೆ, ಎಷ್ಟು ಸಂಭಾವಿತ ಎಂದುಕೊಂಡೆ. ಕೋಣೆಗೆ ನೂರ ಅರವತ್ತೈದು ಎಂದ. ಅದನ್ನೂ ಬರೆದುಕೊಂಡೆ. ಹೊರಡುವಾಗ ಅವನು, "ಅಷ್ಟೇನಾ ಸ್ವಾಮಿ? ಇನ್ನೇನೂ ಮಾತಿಲ್ವಾ?" ಎಂದ. "ಅಷ್ಟೇ ಆಚಾರ್ರೇ, ನೀವು ಹೇಳಿದ್ದು ಸರಿಯಾಗೇ ಇದೆ" ಎಂದು ನಾನು ಸೈಕಲ್ಲು ಹತ್ತಿದೆ.

ಅದೇ ವಾರ ಟೈಪಿಸ್ಟರ ಮಾವನವರು ಹೆಂಚಿನ ಮನೆಯ ಕಚೇರಿಗೆ ಬಂದರು. ತೆಳ್ಳಗಿನ ಉದ್ದನೆಯ ಮನುಷ್ಯ, ಕೈಯಲ್ಲಿ ಕೋಲು, ಮೇಷ್ಟರ ಕೆಲಸದಿಂದ ನಿವೃತ್ತರಾದವರು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ಹೊಸ ಜಾಗದಲ್ಲಿ ನನ್ನ ಸೊಸೆಗೆ ಕೋಣೆ ಇರುತ್ತಾ?" ಎಂದು ಕೇಳಿದರು.

ನಾನು ನಕ್ಷೆ ಬಿಚ್ಚಿ ಮೂಲೆಯ ಮೇಲೆ ಬೆರಳಿಟ್ಟು ತೋರಿಸಿದೆ. "ಇಲ್ಲೇ ಇದೆ ನೋಡಿ ಯಜಮಾನ್ರೇ. ಕಿಟಕಿಯೂ ಇದೆ. ಈಗಿರೋದಕ್ಕಿಂತ ದೊಡ್ಡದು."

"ಇದು ಬರೀ ಗೆರೆ. ಆಗುತ್ತೆ ಅಂತ ನೀವು ಹೇಳಿದ್ರೆ ಸಾಕು."

"ಆಗುತ್ತೆ. ನನ್ನ ಮಾತು."

ಅವರು ತಲೆಯಾಡಿಸಿ ಹೋದರು. ಒಳಗಿನ ಕೋಣೆಯಲ್ಲಿ ನಿಂತಿದ್ದ ಟೈಪಿನ ಸದ್ದು ಮತ್ತೆ ಶುರುವಾಯಿತು. ನಾನು ಅವತ್ತು ಸುಳ್ಳು ಹೇಳಲಿಲ್ಲ. ಹೇಳುವಾಗ ಅದು ನಿಜವೇ ಆಗಿತ್ತು. ಇಷ್ಟು ವರ್ಷ ಇದನ್ನೇ ಹೇಳಿಕೊಂಡು ಬಂದಿದ್ದೇನೆ, ಒಂದು ದಿನವೂ ಸಮಾಧಾನವಾಗಿಲ್ಲ.

ಪಟ್ಟಿಯ ಒಟ್ಟು ಎರಡು ಸಾವಿರದ ನಾನೂರು ರೂಪಾಯಿ ಆಯಿತು. ಕೆಳಗೆ ನಾನೇ ಒಂದು ಷರಾ ಬರೆದೆ: ಇವು ವಿಚಾರಿಸಿ ಬರೆದ ನಿಜವಾದ ದರಗಳು, ಇದರಲ್ಲಿ ಕಡಿಮೆ ಮಾಡಲು ಅವಕಾಶವಿಲ್ಲ. ಸಮಿತಿಯ ಸಭೆಯಲ್ಲಿ ಅಧ್ಯಕ್ಷರು ಅದನ್ನು ಓದಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಏನಯ್ಯಾ, ಹೊಸ ಉಪಾಯ ಕಂಡುಹಿಡಿದಿದೀಯ" ಎಂದರು. ಸುತ್ತ ಕೂತವರು ನಕ್ಕರು.

"ಉಪಾಯ ಅಲ್ಲ ಸಾರ್, ನಿಜವಾಗ್ಲೂ ಇಷ್ಟೇ ಆಗುತ್ತೆ."

"ನಿನ್ನ ಹಿಂದಿನವರೂ ಹಾಗೇ ಅಂತಿದ್ರು. ಹೋಗಲಿ ಬಿಡು, ಚೆನ್ನಾಗಿ ಬರೆದಿದೀಯ." ಕೆಂಪು ಪೆನ್ಸಿಲು ಹೊರಗೆ ಬಂತು. ಎರಡು ಸಾವಿರದ ನಾನೂರನ್ನು ಅಡ್ಡ ಗೀಟಿನಲ್ಲಿ ಹೊಡೆದು ಮೇಲೆ ಒಂದು ಸಾವಿರದ ಎಂಟುನೂರು ಎಂದು ಬರೆದು ಸಹಿ ಹಾಕಿದರು. ಮುಂದಿನ ವಿಷಯಕ್ಕೆ ಹೋದರು.

ಅಲ್ಲೇ ಎದ್ದು ನಿಂತು ವಾದ ಮಾಡಬಹುದಿತ್ತು. ಅಧ್ಯಕ್ಷರು ಕೆಟ್ಟವರಲ್ಲ, ಗಟ್ಟಿಯಾಗಿ ಹೇಳಿದ್ದರೆ ಕೇಳುತ್ತಿದ್ದರೋ ಏನೋ. ಆದರೆ ನನಗೆ ಸಿಟ್ಟು ಬಂದಿತ್ತು. ಸಿಟ್ಟು ಬಂದರೆ ಬಾಯಿ ಕಟ್ಟಿಹೋಗುವುದು ನನ್ನ ರೋಗ. ಹೊಡೆಯಿರಿ, ನಿಮ್ಮ ಕಚೇರಿ ಹೇಗಾಗುತ್ತದೋ ನೋಡಿಕೊಳ್ಳಿ ಎಂದು ಮನಸ್ಸಿನಲ್ಲೇ ಬೈದುಕೊಂಡು ಪಟ್ಟಿ ಎತ್ತಿಕೊಂಡು ಬಂದೆ.

ಮಾರನೆಯ ದಿನ ಆರುನೂರು ರೂಪಾಯಿ ಕಡಿಮೆ ಮಾಡಲು ಕೂತೆ. ಕಪಾಟುಗಳಿಗೆ ತೇಗದ ಬದಲು ಹಲಸು ಎಂದು ತಿದ್ದಿದೆ. ಎರಡು ಫ್ಯಾನಿನಲ್ಲಿ ಒಂದು ಹೋಯಿತು. ಒಂದು ಬೆಂಚು ಹೋಯಿತು. ಬಣ್ಣದ ಬದಲು ಸುಣ್ಣ. ಕಿಟಕಿಯ ಪರದೆ, ನೋಟೀಸು ಬೋರ್ಡಿನ ಗಾಜು, ಅವೂ ಹೋದವು. ಕೂಡಿ ನೋಡಿದರೆ ನಾನೂರ ಮೂವತ್ತೈದು. ಇನ್ನೂ ನೂರ ಅರವತ್ತೈದು ಬೇಕು. ಅಧ್ಯಕ್ಷರ ತಿರುಗುವ ಕುರ್ಚಿಯ ಮೇಲೆ ಕಣ್ಣು ಹೋಯಿತು, ಧೈರ್ಯ ಬರಲಿಲ್ಲ. ಕೌಂಟರು ಮುಟ್ಟುವ ಹಾಗಿಲ್ಲ, ಪಂಜರ ಮುಟ್ಟುವ ಹಾಗಿಲ್ಲ. ಬೆರಳು ಪಟ್ಟಿಯ ಮೇಲೆ ಇಳಿಯುತ್ತಾ ಹದಿನಾಲ್ಕನೇ ಬಾಬ್ತಿಗೆ ಬಂತು. ಟೈಪಿಂಗ್ ರೂಮು, ನೂರ ಅರವತ್ತೈದು. ಒಂದು ರೂಪಾಯಿ ಹೆಚ್ಚಿಲ್ಲ, ಒಂದು ರೂಪಾಯಿ ಕಡಿಮೆಯಿಲ್ಲ.

ಈಗ ಹೇಳಲು ನಾಚಿಕೆಯಾಗುತ್ತದೆ. ಆ ಕ್ಷಣ ನನಗಾದದ್ದು ದುಃಖವಲ್ಲ, ಸಂತೋಷ. ತಿಂಗಳ ಕೊನೆಯಲ್ಲಿ ಲೆಕ್ಕ ತಾಳೆಯಾದಾಗ ಗುಮಾಸ್ತನಿಗೆ ಆಗುವ ಸಂತೋಷ. ಎಷ್ಟು ಸರಿಯಾಗಿ ಕೂತಿತಲ್ಲ ಎಂದುಕೊಂಡು ಗೀಟು ಎಳೆದುಬಿಟ್ಟೆ. ಆಮೇಲೆ ಆ ಮುದುಕರ ನೆನಪು ಬಂತು. ಬಂದರೂ, ಮುಂದಿನ ವರ್ಷದ ಬಜೆಟ್ಟಿನಲ್ಲಿ ಮಾಡಿಸಿದರಾಯಿತು, ಒಂದು ವರ್ಷ ಹೇಗೋ ಆಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ತಿದ್ದಿದ ಪಟ್ಟಿಯನ್ನು ಟೈಪ್ ಮಾಡಲು ಕೊಡಬೇಕಾದದ್ದು ಟೈಪಿಸ್ಟರಿಗೇ. ಕೊಟ್ಟು ಬಂದು ನನ್ನ ಜಾಗದಲ್ಲಿ ಕೂತೆ. ಟೈಪಿನ ಸದ್ದು ಓಡುತ್ತಿತ್ತು, ನಿಂತಿತು. ಆಮೇಲೆ ಅವರು ಬಾಗಿಲಿಗೆ ಬಂದರು, ಕೈಯಲ್ಲಿ ನನ್ನ ಕರಡು.

"ಹದಿನಾಲ್ಕು ಹೊಡೆದುಹಾಕಿದೀರಿ ಸಾರ್. ಹಾಗೇ ಬಿಡ್ಲಾ?"

"ಹೂನಮ್ಮ, ಸದ್ಯಕ್ಕೆ ಅಷ್ಟೇ. ದುಡ್ಡು ಸಾಲ್ದು. ಮುಂದಿನ ವರ್ಷ ನೋಡೋಣ."

ಅವರು ಕರಡು ನೋಡುತ್ತಾ ನಿಂತರು. "ಹಾಗಾದ್ರೆ ಹದಿನೈದನ್ನ ಹದಿನಾಲ್ಕು ಮಾಡ್ಬೇಕು" ಎಂದರು.

"ಮಾಡಿ" ಎಂದೆ. ತಲೆ ಎತ್ತಲಿಲ್ಲ. ನೋಡುವುದಕ್ಕೆ ನನ್ನ ಮುಂದೆ ಏನೋ ಕಾಗದವಿತ್ತು, ಏನೆಂದು ನೆನಪಿಲ್ಲ. ಅವರು ಒಳಗೆ ಹೋದರು. ಅಸಲು ಒಂದು, ಕಾರ್ಬನ್ ಪ್ರತಿ ನಾಲ್ಕು. ಒಂದು ಅಕ್ಷರ ತಪ್ಪಿರಲಿಲ್ಲ. ಅಧ್ಯಕ್ಷರು ನೋಡಿ, ಟೈಪು ಎಂದರೆ ಹೀಗಿರಬೇಕು ಎಂದರು.

ಎರಡು ತಿಂಗಳಲ್ಲಿ ಕೆಲಸ ಮುಗಿಯಿತು. ಪ್ರವೇಶದ ದಿನ ಗಣಪತಿ ಪೂಜೆ, ಕೋಸಂಬರಿ, ಪಾನಕ. ಹೊಸ ಪಾಲಿಷಿನ ವಾಸನೆ ತಲೆಗೆ ಹತ್ತುತ್ತಿತ್ತು. ಕೌಂಟರಿನಿಂದ ಎಂಟು ಹೆಜ್ಜೆ ದೂರದಲ್ಲಿ, ಕಿಟಕಿಯ ಹತ್ತಿರ, ಬಯಲಲ್ಲೇ ಟೈಪ್‌ರೈಟರಿನ ಮೇಜು. ಸಾಲಕ್ಕೆ ಬಂದವರು ನಿಂತು ನೋಡಿದರೆ ನೇರ ಕಣ್ಣಿಗೆ ಬೀಳುವುದು ಅದೇ. ಟೈಪಿಸ್ಟರು ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು, ಸೆರಗನ್ನು ಎರಡು ಭುಜಕ್ಕೂ ಎಳೆದುಕೊಂಡು. ಮನೆಯಲ್ಲಿ ವಿಷಯ ಹೇಳಿರಲಿಲ್ಲ ಎಂಬುದು ಅವರು ಕೂತ ರೀತಿಯಲ್ಲೇ ಗೊತ್ತಾಗುತ್ತಿತ್ತು. ಮಾವನವರು ಜಯನಗರದವರೆಗೆ ಬರಲಾರರು ಎಂದುಕೊಂಡಿದ್ದರೋ ಏನೋ.

ಬಂದರು. ಕೋಲೂರಿಕೊಂಡು, ಧೂಳಿನ ಕಾಲಲ್ಲಿ, ಹನ್ನೊಂದರ ಬಿಸಿಲಿಗೆ ಬಂದರು. ಮಂಗಳಾರತಿಗೆ ಕೈಯೊಡ್ಡಿ ಕಣ್ಣಿಗೆ ಒತ್ತಿಕೊಂಡು ಸುತ್ತಲೂ ನೋಡಿದರು. ನನ್ನ ಹತ್ತಿರ ಬಂದರು.

"ಕೋಣೆ ಎಲ್ಲಿ?"

"ಈ ಸಲ ಹಣ ಸಾಲಲಿಲ್ಲ ಯಜಮಾನ್ರೇ. ಮುಂದಿನ ವರ್ಷದ ಬಜೆಟ್ಟಿನಲ್ಲಿ ಖಂಡಿತ ಹಾಕಿಸ್ತೀನಿ. ಅಲ್ಲೀವರೆಗೆ ಬೇಕಾದ್ರೆ ಒಂದು ಪರದೆ ಕಟ್ಟಿಸ್ತೀನಿ."

"ಪರದೆ" ಎಂದರು ಅವರು. ಧ್ವನಿ ಏರಲಿಲ್ಲ. "ಆಸ್ಪತ್ರೇಲಿ ಕಟ್ಟಿರ್ತಾರೆ, ನೋಡಿದೀನಿ. ನಮ್ಮ ನೆಂಟ್ರ ಮುಂದೆ ನಾನು ಏನಂತ ಹೇಳಿದೀನಿ ಅಂತ ನಿಮಗೆ ಗೊತ್ತಲ್ಲ?"

"ಗೊತ್ತು."

"ಕೋಣೆ ಮುಂದಿನ ವರ್ಷ ಆಗೋದಾದ್ರೆ ಆಗಲಿ. ನನ್ನ ಸೊಸೆಯೂ ಮುಂದಿನ ವರ್ಷವೇ ಬರ್ತಾಳೆ." ತಿರುಗಿ ಆ ಮೇಜಿನ ಕಡೆ ನೋಡಿದರು. "ಏಳಮ್ಮ" ಎಂದರು.

ಅವರು ಎದ್ದರು. ಟೈಪ್‌ರೈಟರಿಗೆ ಮುಸುಕು ಹಾಕಿದರು, ಡ್ರಾಯರಿನ ಬೀಗದ ಕೈ ನನ್ನ ಮೇಜಿನ ಮೇಲಿಟ್ಟರು. ಪಾನಕದ ಲೋಟ ಅರ್ಧ ಕುಡಿದದ್ದು ಅಲ್ಲೇ ಇತ್ತು. ಮಾವ ಮುಂದೆ, ಸೊಸೆ ನಾಲ್ಕು ಹೆಜ್ಜೆ ಹಿಂದೆ, ಲಂಟಾನದ ನಡುವಿನ ಕೆಂಪು ರಸ್ತೆಯಲ್ಲಿ ನಡೆದು ಹೋದರು. ಅಧ್ಯಕ್ಷರು ಊಟಕ್ಕೆ ಎಲೆ ಹಾಕಿಸಲು ಹೇಳುತ್ತಿದ್ದರು. ನನಗೆ ಆ ದಿನದ ಊಟ ರುಚಿಸಲಿಲ್ಲ ಎಂದು ಹೇಳಿದರೆ ಏನು ಬಂತು? ಉಂಡೆ.

ಆಮೇಲಿನ ಮೂರು ವಾರ ಟೈಪು ಮಾಡುವವರಿಲ್ಲ. ಪತ್ರಗಳನ್ನು ನಾನೇ ಕೈಯಲ್ಲಿ ಬರೆದೆ. ಹೊಸ ಕಚೇರಿಯ ಬಗ್ಗೆ ಬಂದವರೆಲ್ಲ ಹೊಗಳುವರು. ಕೌಂಟರಿನ ನುಣುಪಿನ ಮೇಲೆ ಕೈಯಾಡಿಸುವರು. ನನಗೆ ಕಿಟಕಿಯ ಕಡೆ ನೋಡಲು ಮನಸ್ಸಾಗುತ್ತಿರಲಿಲ್ಲ. ಯಾರಾದರೂ ಆ ಮೂಲೆಯ ಬಗ್ಗೆ ಕೇಳಿದರೆ ಮುಖಕ್ಕೆ ಹೊಡೆದ ಹಾಗೆ ಮಾತಾಡಿಬಿಡುತ್ತಿದ್ದೆ. ತಪ್ಪು ಅಧ್ಯಕ್ಷರ ಪೆನ್ಸಿಲಿನದು, ನಾನು ನಿಜವನ್ನೇ ಬರೆದಿದ್ದೆ, ನಿಜ ಬರೆದದ್ದಕ್ಕೇ ಹೀಗಾಯಿತು. ದಿನಕ್ಕೆ ನಾಲ್ಕು ಸಲ ಇದೇ ಜಪ. ಆ ಜಪದ ಮೇಲೆಯೇ ಆ ಮೂರು ವಾರ ಬದುಕಿದ್ದೆ.

ನಾಲ್ಕನೇ ವಾರ ಆಚಾರಿ ಲೆಕ್ಕ ಚುಕ್ತಾ ಮಾಡಿಸಿಕೊಳ್ಳಲು ಬಂದ. ಅವನ ಬಿಲ್ಲು ಒಂದು ಸಾವಿರದ ನೂರ ಐವತ್ತು, ನಾನು ಒಪ್ಪಿದ ದರಗಳ ಪ್ರಕಾರವೇ. ಅಧ್ಯಕ್ಷರು ತಿರುಗುವ ಕುರ್ಚಿಯಲ್ಲಿ ಒರಗಿ ಬಿಲ್ಲನ್ನು ದೂರ ಹಿಡಿದು ನೋಡಿದರು.

"ಒಂಬೈನೂರು ತಗೊಳ್ಳಪ್ಪ."

ಒಪ್ಪಿದ ದರ, ಮಾಡಿಸಿದ ಕೆಲಸ, ಈಗ ಹೀಗೆಂದರೆ ಆ ಮನುಷ್ಯ ಏನಾಗಬೇಕು. ನಾನು ಬಾಯಿ ತೆರೆಯುವಷ್ಟರಲ್ಲಿ ಆಚಾರಿಯ ಮುಖ ಅರಳಿತು. ಬಹಳ ದಿನದ ಮೇಲೆ ಸ್ನೇಹಿತ ಸಿಕ್ಕ ಹಾಗೆ ಒಂದು ಹೆಜ್ಜೆ ಮುಂದೆ ಬಂದ.

"ಹಾಗಂದ್ರೆ ಹೇಗೆ ಬುದ್ಧಿ, ಮರದ ಬೆಲೆ ನೋಡಿ. ಸಾವಿರ ಕೊಡಿ."

"ಒಂಬೈನೂರ ಐವತ್ತು."

"ನಿಮ್ಮ ಮಾತೂ ಬೇಡ, ನನ್ನ ಮಾತೂ ಬೇಡ. ಒಂಬೈನೂರ ಎಪ್ಪತ್ತು ಮಾಡಿ."

"ಆಯ್ತು, ಬರಿ ಕಣಯ್ಯಾ" ಎಂದು ಅಧ್ಯಕ್ಷರು ನನ್ನ ಕಡೆ ಬಿಲ್ಲು ತಳ್ಳಿದರು. ನೂರ ಎಂಬತ್ತು ರೂಪಾಯಿ ಹೋಗಲು ಎಲೆಗೆ ಸುಣ್ಣ ಹಚ್ಚುವಷ್ಟು ಹೊತ್ತೂ ಹಿಡಿಯಲಿಲ್ಲ.

ಆಚಾರಿಯನ್ನು ಹೊರಗೆ ಕರೆದುಕೊಂಡು ಹೋದೆ. "ಅಲ್ಲ ಆಚಾರ್ರೇ, ಆವತ್ತು ನೀವು ನನಗೆ ಹೇಳಿದ ರೇಟು?"

"ಕೇಳೋರು ಕಡಿಮೆಗೇ ಕೇಳ್ತಾರೆ ಅಂತ ನಾಲ್ಕು ಕಾಸು ಮೇಲಿಟ್ಟೇ ಹೇಳೋದು ಸ್ವಾಮಿ. ಎಲ್ರೂ ಹಾಗೇ." ಅವನಿಗೆ ನನ್ನನ್ನು ಕಂಡು ಅಯ್ಯೋ ಎನಿಸಿರಬೇಕು, ಮೆಲ್ಲಗೆ ಹೇಳಿದ. "ನೀವು ಕೇಳ್ಲೇ ಇಲ್ಲ. ಒಂದೊಂದು ರೇಟಿಗೂ ನಿಂತು ನಿಮ್ಮ ಮುಖ ನೋಡ್ದೆ. ಸುಮ್ನೆ ಬರ್ಕೊಂಡ್ರಿ. ನನಗೇ ಒಂಥರಾ ಆಯ್ತು."

ಆಮೇಲೆ ಕಿಟಕಿಯ ಮೂಲೆ ತೋರಿಸಿ, "ಆಯಮ್ಮನ ರೂಮು ಯಾಕೆ ತೆಗೆದುಬಿಟ್ರಿ? ನೂರ ನಲವತ್ತಕ್ಕೆ ಹಾಕ್ಕೊಡ್ತಿದ್ದೆ. ಅದಕ್ಕೆ ಅಂತ ಹೊನ್ನೆ ಮರ ತೆಗೆದಿಟ್ಟಿದ್ದೆ" ಎಂದ.

ನನ್ನ ಜಪ ಅಲ್ಲಿಗೆ ನಿಂತುಹೋಯಿತು. ನಾನು ಬರೆದದ್ದು ನಿಜವಾದ ದರವೇ ಆಗಿರಲಿಲ್ಲ. ಅಧ್ಯಕ್ಷರ ಪೆನ್ಸಿಲು ಹೊಡೆದದ್ದರಲ್ಲಿ ಬಹಳಷ್ಟು ಬರೀ ಗಾಳಿ. ಆ ಹಾಲಿನಲ್ಲಿ ಆಟ ಗೊತ್ತಿಲ್ಲದವನು ನಾನೊಬ್ಬನೇ. ಗೊತ್ತಿಲ್ಲದವನ ಕೈಯಲ್ಲೇ ಗೀಟು ಹೊಡೆಯುವ ಕೆಲಸ ಇತ್ತು. ನಾಲ್ಕು ಮಾತು ಚೌಕಾಸಿ ಮಾಡಿದ್ದರೆ ಕೋಣೆ ನಿಲ್ಲುತ್ತಿತ್ತು. ನನ್ನ ಜಂಬಕ್ಕೆ ಅದು ಅವಮಾನವಾಗುತ್ತಿತ್ತು, ಅಷ್ಟೇ.

ಅಧ್ಯಕ್ಷರ ಹತ್ತಿರ ಹೋಗಿ, ಉಳಿದ ದುಡ್ಡಿನಲ್ಲಿ ಕೋಣೆ ಮಾಡಿಸೋಣ ಎಂದೆ. ಅವರು ಗೋಡೆ ಗಡಿಯಾರ ತರುವ ಯೋಚನೆಯಲ್ಲಿದ್ದರು. "ಯಾರಿಗಯ್ಯಾ ಕೋಣೆ? ಆಕೆ ಬಿಟ್ಟುಹೋದಳಲ್ಲ" ಎಂದರು. ನಾನು ಅಂದು ಮೊದಲ ಸಲ ಅವರೆದುರು ಗಟ್ಟಿಯಾಗಿ ಮಾತಾಡಿದೆ. ನಾನು ಮಾತು ಕೊಟ್ಟಿದ್ದೆ, ಗಡಿಯಾರ ನನ್ನ ಸಂಬಳದಲ್ಲಿ ತನ್ನಿ ಎಂದುಬಿಟ್ಟೆ. "ಇದರ ಹಿಂದೆ ಇಷ್ಟು ಇತ್ತು ಅಂತ ಆವತ್ತೇ ಹೇಳ್ಬಾರ್ದಿತ್ತಾ? ಹಾಕಿಸು ಹೋಗು" ಎಂದರು.

ಆರು ದಿನದಲ್ಲಿ ಕೋಣೆ ಎದ್ದಿತು. ನೂರ ನಲವತ್ತೇ ಆಯಿತು. ಮಬ್ಬು ಗಾಜು, ಚಿಲಕ, ಎಲ್ಲ ಹೇಳಿದ ಹಾಗೆ. ಪಾಲಿಷು ಆರುವುದಕ್ಕೂ ಕಾಯದೆ ಭಾನುವಾರ ಬೆಳಿಗ್ಗೆ ಟೈಪಿಸ್ಟರ ವಠಾರಕ್ಕೆ ಹೋದೆ.

ಬಾಗಿಲು ತೆರೆದೇ ಇತ್ತು. ಒಳಗೆ ಪಾತ್ರೆಗಳನ್ನು ಗೋಣಿಚೀಲಕ್ಕೆ ಹಾಕಿ ಬಾಯಿ ಹೊಲಿದಿದ್ದರು. ಹಾಸಿಗೆ ಸುರುಳಿಗೆ ಹಗ್ಗ ಬಿಗಿದಿತ್ತು. ಗೋಡೆಯಲ್ಲಿ ದೇವರ ಪಟಗಳಿದ್ದ ಕಡೆ ಬಿಳಿ ಚೌಕಗಳು. ಆ ಎಂಟು ವರ್ಷದ ಹುಡುಗಿ ಟ್ರಂಕಿನ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿತ್ತು. ಮಾವನವರು ಗಾಡಿ ಗೊತ್ತು ಮಾಡಲು ಹೋಗಿದ್ದಾರೆ ಎಂದು ಅವರೇ ಹೇಳಿ, ನನಗೆ ಕೂರಲು ಒಂದು ಮಣೆ ಹುಡುಕಿದರು, ಅದೂ ಚೀಲಕ್ಕೆ ಸೇರಿಹೋಗಿತ್ತು.

"ಕೋಣೆ ಆಯ್ತಮ್ಮ. ನೀವು ನಾಳೆಯಿಂದಲೇ ಬರಬಹುದು. ಯಜಮಾನ್ರಿಗೆ ನಾನೇ ಹೇಳ್ತೀನಿ" ಎಂದೆ.

ಅವರು ಗೋಡೆಗೆ ಒರಗಿ ನಿಂತರು. "ಮೈದುನನಿಗೆ ಕಾಗದ ಹೋಗಿಯಾಯ್ತು ಸಾರ್. ಅಲ್ಲಿಂದ ಬನ್ನಿ ಅಂತ ಬಂತು. ಇವಳ ಸ್ಕೂಲಿಂದ ಟಿ.ಸಿ.ನೂ ತಗೊಂಡ್ವಿ. ಈ ಮನೆಗೆ ಬೇರೆಯವರು ಅಡ್ವಾನ್ಸ್ ಕೊಟ್ಟಿದಾರೆ. ಮಾವನವರು ಇನ್ನೊಂದು ಸಲ ಮಾತು ಬದಲಾಯಿಸೋದಿಲ್ಲ. ನಾನೂ ಕೇಳೋದಿಲ್ಲ, ಅವರು ನನಗೋಸ್ಕರ ಸಾಕಷ್ಟು ಕೇಳಿಸ್ಕೊಂಡಿದಾರೆ."

ನಾನು ತಪ್ಪಾಯಿತು ಎಂದೆ. ಎರಡು ಸಲ ಹೇಳಿದೆ ಎಂದು ಕಾಣುತ್ತದೆ. ಬೇರೆ ಮಾತು ಹೊಳೆಯದೆ, ಆಚಾರಿಯ ವಿಷಯ, ಚೌಕಾಸಿಯ ವಿಷಯ, ಉಳಿದ ನೂರ ಎಂಬತ್ತರ ವಿಷಯ ಎಲ್ಲ ಒದರಿದೆ. ಅವರು ಕೊನೆಯವರೆಗೂ ಕೇಳಿದರು.

"ಕೊನೇಗೆ ಕೋಣೆಗೆ ಎಷ್ಟಾಯ್ತು ಸಾರ್?"

"ನೂರ ನಲವತ್ತು."

ಅವರು ಮಗಳ ಕಡೆ ಒಮ್ಮೆ ನೋಡಿದರು. ಬೆರಳ ತುದಿಯಲ್ಲಿ ಏನೋ ಲೆಕ್ಕ ಹಾಕಿದರು. "ನನ್ನ ಎರಡು ತಿಂಗಳ ಸಂಬಳವೂ ಆಗ್ಲಿಲ್ಲ" ಎಂದರು. ಕೋಪವಿರಲಿಲ್ಲ, ಅಳುವೂ ಇರಲಿಲ್ಲ. "ಸಂಬಳದಲ್ಲಿ ತಿಂಗಳಿಗೆ ಹತ್ತು ರೂಪಾಯಿ ಮುರ್ಕೊಳ್ಳಿ ಅಂತ ನಾನೇ ಹೇಳ್ತಿದ್ದೆ ಸಾರ್. ಸಂಘದ ದುಡ್ಡು, ನಾನು ಬಾಯಿ ಹಾಕ್ಬಾರ್ದು ಅಂತ ಸುಮ್ನಾದೆ. ನೀವೂ ಕೇಳ್ಲಿಲ್ಲ."

ಹನ್ನೆರಡು ದಿನ ಊರೆಲ್ಲ ತಿರುಗಿ ದರ ವಿಚಾರಿಸಿದ್ದೆ. ಹತ್ತು ಹೆಜ್ಜೆ ದೂರದ ದೇವರ ಮನೆಯಲ್ಲಿ ಕೂತಿದ್ದವರನ್ನು ಒಂದು ಮಾತು ಕೇಳಿರಲಿಲ್ಲ. ನನಗೆ ಅಳು ಬಂತು. ಆ ಹುಡುಗಿ ಕಾಲು ಅಲ್ಲಾಡಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿತು. ಮಾವನವರು ಬರುವ ಹೊತ್ತಾಯಿತು, ಅವರ ಕಣ್ಣಿಗೆ ನೀವು ಬೀಳುವುದು ಬೇಡ ಎಂದು ಅವರೇ ಮೆಲ್ಲಗೆ ಹೇಳಿ, ನನ್ನನ್ನು ವಠಾರದ ಹಿಂದಿನ ಬಾಗಿಲಿನಿಂದ ಕಳಿಸಿದರು.